ಬೆಂಕಿಪೆಟ್ಟಿಗೆಯ ಲಾಂಛನಗಳು

ಬಸದಿಗಳಲ್ಲಿ ತೀರ್ಥಂಕರರ ಬಿಂಬಗಳು ಮುಖಲಕ್ಷಣದಲ್ಲಿ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ ಪೀಠದ ಮೇಲೆ ಕೊರೆದ ಲಾಂಛನವೇ ಅವುಗಳ ಗುರುತಾಗುತ್ತದೆ. ಎತ್ತಿದ್ದರೆ ಆದಿನಾಥ, ಆನೆಯಿದ್ದರೆ ಅಜಿತನಾಥ, ಕಪಿಯಿದ್ದರೆ ಅಭಿನಂದನ, ಜಿಂಕೆಯಿದ್ದರೆ ಶಾಂತಿನಾಥ. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನ ಫಲ್ಗುಣಿ ತೀರದಲ್ಲಿ ನಿಲ್ಲಿಸಿದ ಬಾಹುಬಲಿ ತೀರ್ಥಂಕರನಲ್ಲವಾದ್ದರಿಂದ ಅವನಿಗೆ ಇಂಥ ಲಾಂಛನವಿಲ್ಲ, ಮೈಗೆ ಹಬ್ಬಿದ ಬಳ್ಳಿಯೇ ಗುರುತು. ಅಕ್ಷರ ಬಾರದವನಿಗೂ ಚಿತ್ರದಿಂದಲೇ ಹೆಸರು ತಿಳಿಸುವ ಈ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನ ಬೆಂಕಿಪೆಟ್ಟಿಗೆ ತಯಾರಕರು ವ್ಯಾಪಾರಕ್ಕೆ ಬಳಸಿದರು.

ಪ್ಯಾರಿಸಿನಲ್ಲಿ ಕಲಿತು ಬಂದ ಶಿಮಿಝು ಮಕೊತೊ 1875ರಲ್ಲಿ ಟೋಕಿಯೊದಲ್ಲಿ ಬೆಂಕಿಕಡ್ಡಿ ತಯಾರಿಕೆ ಆರಂಭಿಸಿದ ಮೇಲೆ ಈ ಉದ್ಯಮ ಕೋಬೆ, ಒಸಾಕಾ, ಹಿಮೆಜಿಗಳಲ್ಲಿ ಬೆಳೆದು ಚೀನಾಕ್ಕೂ ಭಾರತಕ್ಕೂ ರಫ್ತು ಮಾಡತೊಡಗಿತು. ಪೆಟ್ಟಿಗೆ ಅಂಟಿಸುವ ಕೆಲಸ ಬಹುಪಾಲು ಬಡ ಹೆಂಗಸರು, ಮಕ್ಕಳ ಕೈಯಿಂದ ಮನೆಗಳಲ್ಲೇ ನಡೆಯುತ್ತಿತ್ತೆಂಬುದು ಬೆಳ್ತಂಗಡಿ ಸೀಮೆಯ ಬೀಡಿ ಕಟ್ಟುವ ಮನೆಗಳನ್ನು ಬಲ್ಲವರಿಗೆ ಹೊಸದಾಗಿ ಕಾಣದು. ಮೊದಮೊದಲ ಚೀಟಿಗಳು, ಅಂದರೆ ಪೆಟ್ಟಿಗೆಯ ಮೇಲ್ಮೈಗೆ ಅಂಟಿಸುತ್ತಿದ್ದ ಅಂಗೈಗಿಂತ ಚಿಕ್ಕದಾದ ಮುದ್ರಿತ ಕಾಗದಗಳು, ಸ್ವೀಡನ್ನಿನ ಮಾದರಿಗಳ ನೇರ ನಕಲುಗಳಾಗಿದ್ದವು. 1884ರಲ್ಲಿ ಜಪಾನಿನಲ್ಲಿ ವ್ಯಾಪಾರಮುದ್ರೆಯ ಕಾನೂನು ಬಂದ ಬಳಿಕ ಪ್ರತಿ ತಯಾರಕನೂ ತನ್ನದೇ ಪ್ರಾಣಿಯನ್ನೋ ದೇವರನ್ನೋ ನೋಂದಾಯಿಸಲು ಮುಂದಾದನು.

ಆ ಚಿತ್ರಗಳಲ್ಲಿ ಜಪಾನಿನಲ್ಲಿ ಮನೆಮಾತಾದವು ಹಲವು: ಅಕ್ಕಿಮೂಟೆಯ ಮೇಲೆ ಕೊಡತಿ ಹಿಡಿದು ಕುಳಿತ ಭಾಗ್ಯದೇವತೆ ದೈಕೊಕು ಮತ್ತು ಅವನ ಇಲಿ, ಡೊಳ್ಳುಹೊಟ್ಟೆಯ ಹೊತೇಯಿ, ಪೀಚ್ ಹಣ್ಣಿನಿಂದ ಹುಟ್ಟಿದ ಮೊಮೊತಾರೊ, ದೀರ್ಘಾಯುಷ್ಯದ ಸಂಕೇತವಾದ ಕೊಕ್ಕರೆ ಮತ್ತು ಆಮೆ. ಚಂದ್ರನಲ್ಲಿ ಒನಕೆ ಹಿಡಿದು ಹಿಟ್ಟು ಕುಟ್ಟುವ ಮೊಲ ಮಾತ್ರ ಶಶಾಂಕನನ್ನು ಬಲ್ಲ ಕನ್ನಡಿಗನಿಗೆ ಹೊರಗಿನದಲ್ಲ. ಜಾತಕ ಕಥೆಯಲ್ಲೂ ಚಂದ್ರನಲ್ಲಿ ಮೊಲವಿದೆ. ಆದರೆ ಭಾರತಕ್ಕೆ ಬರುತ್ತಿದ್ದ ಸರಕಿನಲ್ಲಿ ಆನೆ, ಹುಲಿ, ನವಿಲುಗಳೂ ಹಿಂದೂ ದೇವತೆಗಳೂ ಮೆರೆಯುತ್ತಿದ್ದವು. ಕೋಬೆಯ ವರ್ತಕರು ಕೊಳ್ಳುವವನ ಕಣ್ಣನ್ನು ಅರಿತೇ ಚಿತ್ರ ಆರಿಸುತ್ತಿದ್ದುದರಿಂದ, ಈ ಚೀಟಿಗಳನ್ನು ಜಪಾನೀ ಜಾನಪದದ ಸಂಪುಟವೆಂದು ಓದುವ ಸಂಗ್ರಾಹಕ ಅರ್ಧ ತಪ್ಪುತ್ತಾನೆ. ಅವು ಮುಖ್ಯವಾಗಿ ಮಾರುಕಟ್ಟೆಯ ದಾಖಲೆಗಳು.

ದೂರದ ಪ್ರಾಣಿಗಳು ವ್ಯಾಪಾರದ ಹಾದಿ ಹಿಡಿದು ಬರುವುದು ತುಳುನಾಡಿಗೆ ಹಳೆಯ ಸಂಗತಿ. ವೇಣೂರಿಗೆ ಸಮೀಪದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರ ಸುಮಾರಿಗೆ ಕಟ್ಟಲಾಯಿತು. ಅದರ ಭೈರಾದೇವಿ ಮಂಟಪದ ಜಗಲಿಯಲ್ಲಿ ತುಳುನಾಡಿನವನು ಕಾಡಿನಲ್ಲೆಂದೂ ಕಾಣದ ಜಿರಾಫೆ ಮತ್ತು ಚೀನೀ ಡ್ರ್ಯಾಗನ್ ಕಲ್ಲಿನಲ್ಲಿವೆ. ಅದೇ ಊರಿನ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾಗುವ ನವನಾರೀಕುಂಜರವಿದೆ. ಇಂಥ ಕೆತ್ತನೆ ಕಂಡ ಕಣ್ಣಿಗೆ ಚೀಟಿಯ ಡ್ರ್ಯಾಗನ್ನಾಗಲಿ ಆನೆಯಾಗಲಿ ವಿಚಿತ್ರವೆನಿಸದು.

ಮೊದಲ ಮಹಾಯುದ್ಧದಲ್ಲಿ ಸ್ವೀಡನ್ನಿನ ಸರಕು ತಡೆಗೊಂಡಾಗ ಭಾರತದ ಮಾರುಕಟ್ಟೆ ಬಹುಪಾಲು ಜಪಾನಿನ ಕೈಸೇರಿತು. ಆದರೆ 1922ರಲ್ಲಿ ಆಮದು ಸುಂಕವನ್ನು ಗ್ರೋಸ್‌ಗೆ, ಅಂದರೆ 144 ಪೆಟ್ಟಿಗೆಗಳಿಗೆ, ಒಂದೂವರೆ ರೂಪಾಯಿಗೆ ಏರಿಸಿದ್ದರಿಂದ ಆ ವ್ಯಾಪಾರ ಕುಸಿಯಿತು. ಕಲ್ಕತ್ತೆಯಲ್ಲಿ ಕಸುಬು ಕಲಿತು ಬಂದ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಶಿವಕಾಶಿಯಲ್ಲಿ ಕಾರ್ಖಾನೆ ತೆರೆದರು, ಸ್ವೀಡನ್ನಿನ ಕಂಪನಿ ವಿಮ್ಕೊ ಹೆಸರಿನಲ್ಲಿ 1923ರಲ್ಲಿ ಭಾರತಕ್ಕೇ ಬಂತು. ಆನೆ, ಹುಲಿ, ನವಿಲು ಮಾತ್ರ ದೇಶೀ ಪೆಟ್ಟಿಗೆಗಳ ಮೇಲೆ ಉಳಿದವು.

ಇಂಥ ಚೀಟಿಗಳ ಸಂಗ್ರಹವಿದ್ಯೆಗೆ ಇಂಗ್ಲೆಂಡಿನಲ್ಲಿ 1943ರಲ್ಲಿ ಫಿಲ್ಯುಮೆನಿ ಎಂಬ ಹೆಸರು ಬಂತು. ಆಲ್ಬಂನಲ್ಲಿ ಅಂದವಾಗಿ ಕಾಣಲೆಂದು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸುವುದು ಸಂಗ್ರಾಹಕರ ರೂಢಿಯಾಗಿದೆ. ಹಾಗೆ ಬಿಡಿಸಿದಾಗ ಅಗ್ಗದ ಬಣ್ಣ ಕದಡುವ ಅಪಾಯವಿದೆ, ಜೊತೆಗೆ ಕಾಲ ನಿರ್ಣಯಕ್ಕೆ ನೆರವಾಗುವ ಪೆಟ್ಟಿಗೆಯ ಮರವೂ ಗೀರುಪಟ್ಟಿಯೂ ಕಳೆದುಹೋಗುತ್ತವೆ. ತುಳುನಾಡಿನ ಹಳೆಯ ಮನೆಯ ಅಟ್ಟದಲ್ಲಿ ಅಂಥದೊಂದು ಪೆಟ್ಟಿಗೆ ಸಿಕ್ಕವರು ಚೀಟಿಯನ್ನು ಬಿಡಿಸದೆ, ಪೆಟ್ಟಿಗೆ ಸಮೇತ ಒಣಜಾಗದಲ್ಲಿ ಇಡುವುದು ಒಳ್ಳೆಯದು.