ಏಕಾಕಿ ಎಲೆಕ್ಟ್ರಾನಿನ ಸಾಕ್ಷ್ಯ

ವೋಲ್ಗಾ ತೀರದ ಕಜಾನ್ ನಗರದಲ್ಲಿ, ಮಹಾಯುದ್ಧದ ದಾರಿದ್ರ್ಯದ ನಡುವೆ, 1944ರಲ್ಲಿ ಯೆವ್ಗೆನಿ ಜವೊಯ್ಸ್ಕಿ ಎಂಬ ಭೌತವಿಜ್ಞಾನಿಯು ತಾಮ್ರ ಮತ್ತು ಮ್ಯಾಂಗನೀಸುಗಳ ಲವಣಗಳನ್ನು ಕಾಂತಕ್ಷೇತ್ರದಲ್ಲಿರಿಸಿ, ಅವು ರೇಡಿಯೋ ತರಂಗಗಳನ್ನು ಹೀರಿಕೊಳ್ಳುವುದನ್ನು ಗುರುತಿಸಿದನು. ಅನುಕಾಂತೀಯ ಅನುರಣನವೆಂಬ ಈ ವಿದ್ಯೆಯು ಮುಂದೆ ಮನುಷ್ಯನ ಹಲ್ಲಿನವರೆಗೂ ಅರ್ಬುದದವರೆಗೂ ಬಂದು ನಿಲ್ಲುವುದೆಂಬುದಕ್ಕೆ ಆ ಹರಳುಗಳಲ್ಲಿ ಯಾವ ಸೂಚನೆಯೂ ಇರಲಿಲ್ಲ.

ಅಣುಗಳೊಳಗೆ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿ ನೆಲೆಸಿ ಒಂದರ ಕಾಂತತ್ವವನ್ನು ಮತ್ತೊಂದು ಅಳಿಸುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನು ಮಾತ್ರ ಕಿರಿಯ ಅಯಸ್ಕಾಂತದಂತೆ ವರ್ತಿಸಿ, ಹೊರಗಿನ ಕ್ಷೇತ್ರದಲ್ಲಿ ಎರಡು ಶಕ್ತಿಮಟ್ಟಗಳಲ್ಲೊಂದನ್ನು ಆಶ್ರಯಿಸಿ, ಆ ಮಟ್ಟಗಳ ಅಂತರಕ್ಕೆ ಒಪ್ಪುವ ತರಂಗ ಬಂದೊಡನೆ ಅನುರಣಿಸುತ್ತದೆ. 0.34 ಟೆಸ್ಲಾ ಕ್ಷೇತ್ರದಲ್ಲಿ ಆ ತರಂಗದ ಕಂಪನ ಸೆಕೆಂಡಿಗೆ ಸುಮಾರು 950 ಕೋಟಿ. ರೇಡಾರಿಗೋಸ್ಕರ ರೂಪುಗೊಂಡ ಸಲಕರಣೆಗಳು ಯುದ್ಧಾನಂತರ ಆಕ್ಸ್‌ಫರ್ಡಿನ ಬ್ರೆಬಿಸ್ ಬ್ಲೀನಿ ಮೊದಲಾದವರ ಕೈಸೇರಿದ್ದು ಈ ಶಾಸ್ತ್ರದ ಭಾಗ್ಯವೆಂದೇ ಹೇಳಬೇಕು.

1954ರಲ್ಲಿ ಸೇಂಟ್ ಲೂಯಿಸಿನ ಬ್ಯಾರಿ ಕಾಮನರ್ ಮತ್ತು ಅವನ ಸಂಗಡಿಗರು ಜೀವಿಗಳ ಊತಕಗಳಲ್ಲಿ ಮುಕ್ತ ರಾಡಿಕಲ್ಲುಗಳ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಅಣುಗಳ, ಸುಳಿವನ್ನು ಕಂಡರು. 1965ರಲ್ಲಿ ಹಾರ್ಡನ್ ಮೆಕ್‌ಕಾನೆಲ್, ಸ್ವತಃ ಏಕಾಕಿ ಎಲೆಕ್ಟ್ರಾನಿಲ್ಲದ ಪ್ರೋಟೀನಿಗೂ ಅಂಥದೊಂದನ್ನು ಹೊತ್ತ ಅಣುವನ್ನು ಬೆಸೆದು, ಅದರ ಚಲನವಲನವನ್ನು ಓದುವ ಉಪಾಯವನ್ನು ತೋರಿದನು.

ಆದರೆ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು ಹಲ್ಲಿನ ವೃತ್ತಾಂತ. ಮೂಳೆ ದೇಹದಲ್ಲಿ ನಿತ್ಯವೂ ನವೀಕರಣಗೊಳ್ಳುತ್ತದೆ. ದಂತಕವಚಕ್ಕೆ ಆ ಸ್ವಭಾವವಿಲ್ಲ. ವಿಕಿರಣ ತಾಗಿದಾಗ ಅದರ ಖನಿಜದೊಳಗಿನ ಕಾರ್ಬೊನೇಟಿನಿಂದ ಹುಟ್ಟುವ ರಾಡಿಕಲ್ಲು ಮನುಷ್ಯನ ಆಯುಷ್ಯಕ್ಕಿಂತ ಎಷ್ಟೋ ದೀರ್ಘಕಾಲ ಅಲ್ಲಿಯೇ ಉಳಿಯುವುದರಿಂದ, ಹಿರೋಷಿಮಾದಲ್ಲಿ ಬದುಕುಳಿದವರ, ಚೆರ್ನೋಬಿಲಿನಲ್ಲಿ ಶುದ್ಧೀಕರಣಕ್ಕೆ ನಿಂತವರ, ಯೂರಲ್ ಪ್ರಾಂತದ ತೇಚಾ ನದಿಯ ಕಲುಷಿತ ನೀರನ್ನು ಕುಡಿದ ಹಳ್ಳಿಗರ ಹಲ್ಲುಗಳು, ಯಾವ ಕಡತವೂ ದಾಖಲಿಸದ ವಿಕಿರಣದ ಮೊತ್ತವನ್ನು ದಶಕಗಳ ಬಳಿಕವೂ ತಿಳಿಸಿದವು. ಇದೇ ತತ್ತ್ವವನ್ನವಲಂಬಿಸಿ ಜಪಾನಿನ ಮೊಟೋಜಿ ಇಕೆಯಾ 1975ರಲ್ಲಿ ಗುಹೆಯೊಂದರ ಸುಣ್ಣದ ತೊಂಗಲಿನ ವಯಸ್ಸನ್ನು ಅಳೆದನು.

ಜೀವಂತ ರೋಗಿಯ ದೇಹದೊಳಕ್ಕೆ ಇಣುಕುವುದು ಇನ್ನೂ ಕಠಿಣವಾಗಿತ್ತು, ಏಕೆಂದರೆ ಶರೀರದ ನೀರು ಸೂಕ್ಷ್ಮತರಂಗಗಳನ್ನು ನುಂಗಿಬಿಡುತ್ತದೆ. ಕಂಪನವನ್ನು ಸೆಕೆಂಡಿಗೆ ಸುಮಾರು 120 ಕೋಟಿಗೆ ಇಳಿಸಿದ ಮೇಲೆ ಚರ್ಮದಿಂದ ಸುಮಾರು ಒಂದು ಸೆಂಟಿಮೀಟರ್ ಆಳದವರೆಗೆ ಅಳೆಯುವುದು ಸಾಧ್ಯವಾಯಿತು. ಪ್ರಾಣವಾಯುವಿನ ಅಭಾವವಿರುವ ಅರ್ಬುದಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆಯಾದ್ದರಿಂದ ಅರ್ಬುದದೊಳಗಿನ ಪ್ರಾಣವಾಯುವನ್ನು ಅಳೆಯುವುದಕ್ಕೆ ಚಿಕಿತ್ಸೆಯಲ್ಲಿ ಮಹತ್ತ್ವವುಂಟು. ಅಮೆರಿಕದ ಡಾರ್ಟ್‌ಮತ್ತಿನಲ್ಲಿ ಹೆರಾಲ್ಡ್ ಸ್ವಾರ್ಟ್ಸ್ ಮತ್ತವನ ಬಳಗ ಇದಕ್ಕಾಗಿ ಆರಿಸಿಕೊಂಡದ್ದು ಹಚ್ಚೆಯ ಬಿಂದುವಿನಂತೆ ಚರ್ಮದಡಿ ಚುಚ್ಚಿದ ಇಂಡಿಯಾ ಇಂಕ್ ಎಂಬ ಇಂಗಾಲದ ಮಸಿ! ಪ್ರಾಣವಾಯುವಿನ ಅಣುವಿನಲ್ಲೇ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿರುವುದರಿಂದ, ಅದು ಹೆಚ್ಚಿದಷ್ಟೂ ಮಸಿಯ ರೋಹಿತರೇಖೆ ಅಗಲಗೊಳ್ಳುತ್ತದೆ. ಒಮ್ಮೆ ಚುಚ್ಚಿದ ಆ ಕಪ್ಪುಚುಕ್ಕೆಯಿಂದ, ಮತ್ತೆ ಸೂಜಿಯನ್ನು ಮುಟ್ಟದೆಯೇ, ವೈದ್ಯನು ವಾರಗಳುದ್ದಕ್ಕೂ ಅದೇ ತಾಣದ ಉಸಿರನ್ನು ಅಳೆಯಬಲ್ಲನು.