ಗಾಜಿನ ಪೆಟ್ಟಿಗೆಯಿಂದ ಹಿತ್ತಿಲಿಗೆ

ನಮ್ಮ ಹಿತ್ತಿಲಿನ ದಾಸವಾಳಕ್ಕೆ ಕೊಕ್ಕಿಡುವ ಸೂರಕ್ಕಿಯನ್ನು ಕಂಡು ‘ಹಮ್ಮಿಂಗ್ ಬರ್ಡ್’ ಎನ್ನುವವರುಂಟು. ಅದು ತಪ್ಪು ತಿಳಿವಳಿಕೆ. ರೆಕ್ಕೆಗಳ ಝೇಂಕಾರದಿಂದಲೇ ಹೆಸರು ಪಡೆದ ಆ ಹಕ್ಕಿ ಅಮೆರಿಕ ಖಂಡಗಳಿಗೆ ಮಾತ್ರ ಸೇರಿದ್ದು. ಅದನ್ನು ಹತ್ತಿರದಿಂದ ನೋಡಬೇಕೆಂಬ ಮನುಷ್ಯನ ಆಸೆಗೆ ಒಂದು ಚರಿತ್ರೆಯಿದೆ. ಅದರ ಮೊದಲ ಪುಟಗಳು ಅಷ್ಟೇನೂ ಸುಂದರವಲ್ಲ.

1851ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ತನ್ನ ಸಂಗ್ರಹವನ್ನು ಪ್ರದರ್ಶಿಸಿದ. ಗಾಜಿನ ಪೆಟ್ಟಿಗೆಗಳಲ್ಲಿ ಹೊಟ್ಟು ತುಂಬಿ ನಿಲ್ಲಿಸಿದ ಹಮ್ಮಿಂಗ್ ಬರ್ಡ್‌ಗಳನ್ನು ನೋಡಲು 75,000ಕ್ಕೂ ಮಿಕ್ಕಿ ಜನ ಬಂದರು. ಸೋಜಿಗವೆಂದರೆ, ಅಲ್ಲಿಯವರೆಗೆ ಗೌಲ್ಡನೇ ಒಂದು ಸಜೀವ ಹಮ್ಮಿಂಗ್ ಬರ್ಡನ್ನು ಕಂಡಿರಲಿಲ್ಲ! ಆ ಭಾಗ್ಯ ಅವನಿಗೆ ದೊರೆತದ್ದು 1857ರಲ್ಲಿ, ಫಿಲಡೆಲ್ಫಿಯದ ಒಂದು ತೋಟದಲ್ಲಿ. ಜೀವಂತವಾಗಿಯೇ ಇಂಗ್ಲೆಂಡಿಗೆ ಒಯ್ಯುವ ಅವನ ಯತ್ನ ಫಲಿಸಲಿಲ್ಲ. ಹಡಗಿನ ಪಯಣವನ್ನು ದಾಟಿ ಬಂದ ಹಕ್ಕಿಯೂ ಹೆಚ್ಚು ಕಾಲ ಬದುಕಲಿಲ್ಲ. ಅತ್ತ ಯುರೋಪಿನ ಸ್ತ್ರೀಯರ ಟೋಪಿಗಳ ಅಲಂಕಾರಕ್ಕಾಗಿ ಸಾವಿರಾರು ಹಕ್ಕಿಗಳ ಚರ್ಮಗಳು ಹರಾಜಾಗುತ್ತಿದ್ದವು.

ಈ ಕಥೆಯ ತಿರುವು ಬಲು ಸಣ್ಣದು. ಮ್ಯಾಸಚೂಸೆಟ್ಸಿನ ಬ್ರುಕ್‌ಲೈನಿನಲ್ಲಿದ್ದ ಕ್ಯಾರೊಲಿನ್ ಸೋಲ್ ಎಂಬಾಕೆ ಕಾಗದದಲ್ಲಿ ತುತ್ತೂರಿ ಹೂವೊಂದನ್ನು ಮಾಡಿ, ಬಣ್ಣ ಬಳಿದು, ಒಳಗೆ ಸಕ್ಕರೆನೀರಿನ ಪುಟ್ಟ ಸೀಸೆಯಿರಿಸಿ, ಹೂಬಳ್ಳಿಯ ಬಳಿ ನಿಲ್ಲಿಸಿದಳು. ಹಕ್ಕಿ ಬಂದು ಕುಡಿಯಿತು. ಈ ಸಂಗತಿಯನ್ನು 1900ರಲ್ಲಿ ಆಕೆ ಪಕ್ಷಿಪ್ರೇಮಿಗಳ ಪತ್ರಿಕೆಯೊಂದರಲ್ಲಿ ಬರೆದಳು. ಕೋವಿಯಿಲ್ಲ, ಬಲೆಯಿಲ್ಲ, ಕರೆಯುವುದು, ಕಾಯುವುದು, ಅಷ್ಟೆ. 1936ರ ಸುಮಾರಿಗೆ ಹೆರಾಲ್ಡ್ ಎಡ್ಗರ್ಟನ್ ತನ್ನ ಮಿಂಚುದೀಪದ ಕ್ಯಾಮೆರಾದಿಂದ, ಸೆಕೆಂಡಿಗೆ ಹತ್ತಾರು ಸಲ ಬಡಿಯುವ ಆ ರೆಕ್ಕೆಗಳನ್ನು ಚಿತ್ರದಲ್ಲಿ ಸ್ತಬ್ಧಗೊಳಿಸಿದ. 1950ರ ದಶಕದಿಂದ ಉಣಿಸುವ ಸೀಸೆಗಳು ಅಂಗಡಿಗೂ ಬಂದವು.

ಇಂದು ಅಲ್ಲಿನ ಅಸಂಖ್ಯ ಹಿತ್ತಿಲುಗಳಲ್ಲಿ ಅಂತಹ ಸೀಸೆಗಳು ತೂಗುತ್ತವೆ. ಆದರೆ ಆತಿಥ್ಯಕ್ಕೂ ನೇಮವುಂಟು. ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು. ಜೇನುತುಪ್ಪ ಕೂಡದು, ಕೆಂಪು ಬಣ್ಣ ಬೆರೆಸಲೂಬಾರದು. ಬಿಸಿಲಿನ ದಿನಗಳಲ್ಲಿ ದ್ರಾವಣ ಬೇಗ ಹುಳಿತು ಬೂಷ್ಟು ಹಿಡಿಯುವುದರಿಂದ ಸೀಸೆಯನ್ನು ಆಗಾಗ ತೊಳೆಯಬೇಕು. ಹಕ್ಕಿಗೆ ಸಣ್ಣ ಕೀಟಗಳೂ ಆಹಾರವಾದ್ದರಿಂದ ಗಿಡಗಳಿಗೆ ವಿಷ ಸಿಂಪಡಿಸಬಾರದು. ಸೀಸೆಗಿಂತಲೂ ಮಿಗಿಲಾದುದು ನಾಲ್ಕು ಹೂಗಿಡಗಳನ್ನು ನೆಡುವುದು.

ಗೌಲ್ಡನ ಪೆಟ್ಟಿಗೆಗಳಲ್ಲಿ ಎಲ್ಲ ಬಣ್ಣಗಳೂ ಇದ್ದವು, ಝೇಂಕಾರವೊಂದು ಇರಲಿಲ್ಲ. ಅದನ್ನು ಕೇಳಬೇಕಾದರೆ, ಬಂದ ಅತಿಥಿ ತನ್ನಿಚ್ಛೆಯಂತೆ ಹಾರಿಹೋಗಲು ನಾವು ಒಪ್ಪಬೇಕು.