ಮೊಡವೆಯ ಮಾತ್ರೆ ಮತ್ತು ಮಿದುಳು



ಒಂದು ರೋಗಕ್ಕೆಂದು ಹುಟ್ಟಿದ ಔಷಧ ಮತ್ತೊಂದಕ್ಕೆ ಒದಗಿಬಂದ ಪ್ರಸಂಗಗಳು ವಿಜ್ಞಾನದ ಇತಿಹಾಸದಲ್ಲಿ ಹಲವಿವೆ. ಮಿನೋಸೈಕ್ಲಿನ್ ಎಂಬ ಪ್ರತಿಜೀವಕದ ಕಥೆ ಅಂಥದ್ದು.

ಇದರ ಮೂಲ ಮಣ್ಣಿನಲ್ಲಿದೆ. ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಪ್ರಾಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಮಿಸ್ಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅವರು ಪಡೆದ ಹೊಂಬಣ್ಣದ ಔಷಧ 1948ರಲ್ಲಿ ಆರಿಯೋಮೈಸಿನ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯವಾಯಿತು. ಅಲ್ಲಿನ ಸಂಶೋಧನೆಯ ನೇತೃತ್ವ ವಹಿಸಿದ್ದವರು ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಟೆಟ್ರಾಸೈಕ್ಲಿನ್ ವಂಶದ ಮಿನೋಸೈಕ್ಲಿನ್ 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದು, ಮುಖ್ಯವಾಗಿ ಮೊಡವೆಯ ಚಿಕಿತ್ಸೆಗೆ ಹೆಸರಾಯಿತು.

ಮಿದುಳಿಗೆ ರಕ್ತಸಂಚಾರ ನಿಂತರೆ ನಡುವಿನ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಸುತ್ತಲಿನವು ಮಾತ್ರ ಗಂಟೆಗಟ್ಟಲೆ ಸಾವು ಬದುಕಿನ ನಡುವೆ ತೂಗಾಡುತ್ತವೆ. ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯಾ ಕೋಶಗಳೇ ಆಗ ಕೆರಳಿ ಉರಿಯೂತ ಹೆಚ್ಚಿಸಿ ಹಾನಿಯನ್ನು ಬೆಳೆಸುತ್ತವೆ. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಮಿನೋಸೈಕ್ಲಿನ್ ಮಿದುಳನ್ನು ಪ್ರವೇಶಿಸಿ ಈ ಕೆರಳುವಿಕೆಯನ್ನು ತಣಿಸುತ್ತದೆ. ಇಲ್ಲಿ ಅದು ಕೊಲ್ಲಬೇಕಾದ ರೋಗಾಣುವೇ ಇಲ್ಲವೆಂಬುದು ಸೋಜಿಗ!

ಇದನ್ನು ತೋರಿಸಿದವರು ಫಿನ್ಲೆಂಡಿನ ಸಂಶೋಧಕರು. 1998ರಲ್ಲಿ ಜರ್ಬಿಲ್ ಎಂಬ ಪುಟ್ಟ ದಂಶಕಗಳಲ್ಲಿ, 1999ರಲ್ಲಿ ಇಲಿಗಳಲ್ಲಿ. ರಕ್ತ ನಿಂತು ನಾಲ್ಕು ಗಂಟೆ ಕಳೆದ ಮೇಲೆ ಔಷಧ ಕೊಟ್ಟರೂ ಹಾನಿ ತಗ್ಗಿತ್ತು.

ಆದರೆ ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲೇಬೇಕೆಂದಿಲ್ಲ. 2007ರಲ್ಲಿ ಇಸ್ರೇಲಿನಲ್ಲಿ 152 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ದಿನಕ್ಕೆ 200 ಮಿಲಿಗ್ರಾಂನಂತೆ ಐದು ದಿನ ಔಷಧ ಪಡೆದವರು ಹೆಚ್ಚು ಚೇತರಿಸಿಕೊಂಡರು. 2013ರಲ್ಲಿ ಆಸ್ಟ್ರೇಲಿಯಾದಲ್ಲಿ 95 ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟಾಗ ಅಂಥ ಪ್ರಯೋಜನ ಕಾಣಲಿಲ್ಲ. ತರುವಾಯ ಚೀನಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಚಿಕ್ಕ ಪರೀಕ್ಷೆಯೊಂದರ ಗೆಲುವನ್ನಾಗಲಿ ಸೋಲನ್ನಾಗಲಿ ಕೊನೆಯ ಮಾತೆಂದು ತಿಳಿಯಬಾರದೆಂಬುದೇ ಈ ಇತಿಹಾಸದ ಪಾಠ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ರಾತ್ರಿ ಬಾಯಿ ಸೊಟ್ಟಗಾಗಿ ಕೈ ಸೋತಾಗ ಮನೆಯವರು ಬೆಳಗಾಗಲೆಂದು ಕಾದರು. ಅವರ ಬಲಗೈ ಮತ್ತೆ ಸೀಮೆಸುಣ್ಣ ಹಿಡಿಯಲಿಲ್ಲ. ನಿಮ್ಮಲ್ಲೂ ಅನೇಕರು ಈಗ ಐವತ್ತು ದಾಟಿದ್ದೀರಿ, ಆದ್ದರಿಂದ ಹೇಳುತ್ತಿದ್ದೇನೆ. ಇಂಥ ಲಕ್ಷಣ ಕಂಡರೆ ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡಬೇಡಿ. ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂಬುದು ಸ್ಕ್ಯಾನ್ ಮಾಡದೆ ತಿಳಿಯದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತಡಮಾಡದೆ ಆಸ್ಪತ್ರೆಗೆ ಧಾವಿಸಿ.